ಬೋರಿಂಗಿನ ಸಪ್ಪಳಕ್ಕೆ ಇಳಿದ ಹಾಲು

ಶ್ರಾವಣದ ಒಂದು ಸೋಮವಾರ, ಬೆಳಗಿನ ಐದೂವರೆ. ಶಹಾಪುರದ ನಮ್ಮ ಕೊಟ್ಟಿಗೆಯಲ್ಲಿದ್ದವರು ಅಪ್ಪ, ಹತ್ತು ವರ್ಷದ ನಾನು, ನಾಲ್ಕು ದಿನದಿಂದ ಹಾಲು ಇಳಿಸದ ಎಮ್ಮೆ ಗೌರಿ. ಆಗೆಲ್ಲ ಮನೆಯ ಎಮ್ಮೆ ಕೊಟ್ಟರೆ ಹಾಲು, ಇಲ್ಲದಿದ್ದರೆ ಕರಿ ಚಹಾ.

ಗೌರಿಯ ಕರು ಸತ್ತಿತ್ತು. ದಿನಾ ಹಿಂಡುತ್ತಿದ್ದ ಅವ್ವ ಕಾಲು ಮುರಿದುಕೊಂಡು ಯಾದಗಿರಿಯ ಆಸ್ಪತ್ರೆ ಸೇರಿದ್ದಳು.

"ಇವತ್ತೂ ಕೊಡ್ಲಿಲ್ಲಂದ್ರ ನಾಳಿ ಸಂತಿಗಿ ಹೊಡ್ಕೊಂಡು ಹೋಗ್ತೀನಿ" ಎಂದ ಅಪ್ಪ.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗೌರಿಯ ಕೊರಳು ತಿಕ್ಕಿದೆ. ನೆನೆಸಿದ ಹತ್ತಿಕಾಳು ಇಟ್ಟೆ. ಅದನ್ನು ತಿಂದು ತಂಬಿಗೆ ಒದ್ದಿತು.

"ಒಂದ್ಕಡಿ ನಿಂದ್ರವಾ, ಬುಗುರಿ ಹಂಗ ತಿರಗಬ್ಯಾಡ!" ಎಂದು ಅಪ್ಪ ನನ್ನನ್ನು ಗದರಿದ.

ಅಷ್ಟರಲ್ಲಿ ಪಕ್ಕದ ಮನೆಯ ಖೈರುನ್ ಖಾಲಾ ಎಂದಿಗಿಂತ ಬೇಗ ಬಂದು ಗೋಡೆಯಾಚೆಯ ಬೋರಿಂಗಿನ ಕೈಪಂಪು ಹೊಡೆಯತೊಡಗಿದಳು. ಕೀಂಯ್ ಕಟ್, ಕೀಂಯ್ ಕಟ್. ಗೌರಿಯ ಕಿವಿ ಅತ್ತ ತಿರುಗಿತು. ಕೆಚ್ಚಲು ಬಿಗಿದು, ಮೊಲೆಯ ತುದಿಯಲ್ಲಿ ಹಾಲು ತೊಟ್ಟಿಕ್ಕಿತು.

"ಅಪ್ಪಾ, ಇಳಿಸ್ಯಾದ!"

ಅಪ್ಪ ಕುಕ್ಕರಗಾಲಲ್ಲಿ ಕೂತು ಕೂಗಿದ: "ಖಾಲಾ, ನಿಲ್ಲಿಸಬ್ಯಾಡ್ರಿ!"

"ಕೊಡ ತುಂಬಿ ಹರಿಲಾಕತ್ತಾದೋ!"

"ಹರೀಲಿ, ಹೊಡೀರಿ!"

"ಯಾ ಅಲ್ಲಾ, ಅಪ್ಪ-ಮಗಳಿಗಿ ಏನ್ ಹಿಡದಾದ!"

ತಂಬಿಗೆ ನೊರೆಯೊಂದಿಗೆ ತುಂಬಿತು. ಸಂತೆಯ ಮಾತು ಮತ್ತೆ ಬರಲಿಲ್ಲ.

ಅವ್ವ ದಿನಾ ಬೆಳಿಗ್ಗೆ ಬೋರಿಂಗ್ ಹೊಡೆದು ನೀರು ತರುತ್ತಿದ್ದಳು, ಕೆಚ್ಚಲು ತೊಳೆಯುತ್ತಿದ್ದಳು, ಹಿಂಡುತ್ತಿದ್ದಳು. ವರ್ಷಗಟ್ಟಲೆ ಅದೇ ಕ್ರಮ. ಅವ್ವ ಇಲ್ಲದ ಆ ನಾಲ್ಕು ದಿನ, ನಾಳಿನ ಕೆಲಸ ಇಂದೇ ಎನ್ನುವ ಅಪ್ಪ ಹಿಂದಿನ ಸಂಜೆಯೇ ಬಕೆಟ್ ತುಂಬಿಡುತ್ತಿದ್ದ. ಆ ಶಿಸ್ತಿನಲ್ಲೇ ಸಪ್ಪಳ ತಪ್ಪಿಹೋಗಿತ್ತು. ಮುಂದೆ ಶಿಕ್ಷಕರ ತರಬೇತಿಯಲ್ಲಿ, ಅನ್ನ ಹಾಕುವ ಮುಂಚೆ ದಿನಾ ಗಂಟೆ ಬಾರಿಸಿದರೆ ಕಡೆಗೆ ಬರಿ ಗಂಟೆಗೇ ನಾಯಿ ಜೊಲ್ಲು ಸುರಿಸುತ್ತದೆ ಎಂಬ ಪಾಠ ಬಂದಾಗ, ನಾನೊಬ್ಬಳೇ ನೋಟ್ಸು ಬರೆದುಕೊಳ್ಳಲಿಲ್ಲ.

ಗೌರಿ ಹಾಲು ಕೊಟ್ಟ ದಿನ ಮಧ್ಯಾಹ್ನವೇ ಡಬ್ಬಿಯಲ್ಲಿ ಹಾಲು ಹಿಡಿದು ಆಸ್ಪತ್ರೆಗೆ ಹೋದೆವು. ಅವ್ವ ಕುಡಿದಳು. ಬಾಯಿ ಒರೆಸಿಕೊಳ್ಳದೆ ಕೇಳಿದಳು: "ನಾ ಇಲ್ದ ಹ್ಯಾಂಗ ಕೊಡ್ತು?"

ಆ ಮುಖದಲ್ಲಿ ಖುಷಿಯಿರಲಿಲ್ಲ. ಅಪ್ಪ ಕಿಟಕಿಯಾಚೆ ನೋಡಿದ.

"ಕಿವ್ಯಾಗ ನಿನ್ನ ಹೆಸರು ಹೇಳಿದ್ನಿ. ಕೊಡ್ತು" ಎಂದೆ.

"ಹೌದನು?" ಅವ್ವ ನಕ್ಕಳು. ಊರಿಗೆ ಬಂದ ಮೇಲೂ ಅದನ್ನು ಓಣಿಗೆಲ್ಲ ಹೇಳಿದಳು. ಖಾಲಾ ಸುದ್ಧಾ ಬಾಯಿ ಬಿಡಲಿಲ್ಲ.

ಈಗ ಮುಂಜಾನೆ ಬಾಗಿಲಿಗೆ ಪಾಕೀಟು ಹಾಲು ಬರುತ್ತದೆ. ಅದನ್ನು ಯಾರು ಹಿಂಡಿದರೋ ಯಾರಿಗೂ ಬೇಕಿಲ್ಲ. ನಿಜ ಹೇಳಬೇಕೆಂದು ಒಮ್ಮೊಮ್ಮೆ ಚಡಪಡಿಸುತ್ತೇನೆ. ಕೇಳಿ ನೋಯುವ ಅವ್ವನೇ ಈಗ ಇಲ್ಲ.

ಆ ಸುಳ್ಳು ಹೇಳಿದ ದಿನ ಆಸ್ಪತ್ರೆಯ ನಲ್ಲಿಯಲ್ಲಿ ಡಬ್ಬಿ ತೊಳೆದು, ಅವ್ವನ ಮಂಚದ ಕೆಳಗೆ ಬೋರಲು ಹಾಕಿದೆ.