ಬಸ್ಸನ್ನು ಹಿಂದಕ್ಕೆ ತಿರುಗಿಸಿದ ಹಸನಬ್ಬ

ಬೆಳಗಿನ ನಾಲ್ಕೂಮುಕ್ಕಾಲು. ಅಬುಧಾಬಿಯ ಮುಸಫ್ಫಾದಲ್ಲಿ ಕಾರ್ಮಿಕರ ಕ್ಯಾಂಪಿನ ಗೇಟಿನೆದುರು ಬಿಳಿ ಬಸ್ಸೊಂದು ಸ್ಟಾರ್ಟಾಗಿ ನಿಂತಿದೆ. ಬುತ್ತಿ, ಹೆಲ್ಮೆಟ್ ಹಿಡಿದ ಗಂಡಸರು ಒಬ್ಬೊಬ್ಬರಾಗಿ ಹತ್ತುತ್ತಾರೆ. ಡ್ರೈವರ್ ಹಸನಬ್ಬ ಪ್ರತಿಯೊಬ್ಬರ ಮುಖ ನೋಡುತ್ತಾರೆ. ನರೆತ ಮೀಸೆಯ ಒಬ್ಬರನ್ನು ತಡೆದು, ಜ್ವರ ಬಿಟ್ಟಿತೇ ಎಂದು ಹಿಂದಿಯಲ್ಲಿ ವಿಚಾರಿಸುತ್ತಾರೆ. ಹಣೆ ಮುಟ್ಟಿ ನೋಡಿದ ಮೇಲೆಯೇ ಒಳಗೆ ಬಿಡುತ್ತಾರೆ.

ಈ ದೇಶಕ್ಕೆ ನಾನು ಬಂದು ಮೂರು ದಿನ. ಇದೇ ಮೊದಲ ಸಲ. ದುಬೈಯಿಂದ ಇಲ್ಲಿಯವರೆಗೆ ಕತ್ತೆತ್ತಿ ನೋಡಿದ್ದೇ ನೋಡಿದ್ದು. ಕ್ರೇನುಗಳನ್ನು ಎಣಿಸಲು ಹೋಗಿ ನಲವತ್ತಕ್ಕೆ ಕೈಬಿಟ್ಟೆ. ಹಸನಬ್ಬರ ಬಸ್ಸಿನಲ್ಲಿ ಕುಳಿತ ಮೇಲೆ ನನ್ನ ಕಣ್ಣು ಕೆಳಗಿಳಿದಿದೆ. ಹಿಂದೆ ಅರವತ್ತು ಜನ. ಬಸ್ಸು ಹೊರಟು ಐದು ನಿಮಿಷಕ್ಕೆಲ್ಲ ನಿದ್ದೆ.

"ಹೊಸಬರನ್ನು ಏರ್‌ಪೋರ್ಟಿಂದ ಕರ್ಕೊಂಡು ಬರುವುದೂ ನಾನೇ. ಸೇತುವೆ ಹತ್ರ ಬಸ್ಸು ನಿಧಾನ ಮಾಡ್ತೇನೆ. ಬಿಲ್ಡಿಂಗ್ ಎಲ್ಲ ನೋಡ್ಲಿ ಪಾಪ. ಮರುದಿವಸದಿಂದ ನೋಡ್ಲಿಕ್ಕೆ ಕಣ್ಣು ಬಿಡ್ಬೇಕಲ್ಲ" ಎನ್ನುತ್ತಾರೆ ಹಸನಬ್ಬ.

ಅವರಿಗೀಗ ಐವತ್ತಾರು. ಉಪ್ಪಿನಂಗಡಿಯಲ್ಲಿ ಲಾರಿ ಓಡಿಸುತ್ತಿದ್ದವರು ಹದಿನೇಳು ವರ್ಷಗಳ ಹಿಂದೆ, 1997ರಲ್ಲಿ, ಇಲ್ಲಿಗೆ ಬಂದರು. ದಿನಕ್ಕೆ ನೂರೈವತ್ತು ಕಿಲೋಮೀಟರ್ ಓಡಾಟ. ಸೈಟಿನಲ್ಲಿ ಇಳಿಸಿ, ಸಂಜೆ ಹತ್ತಿಸಿ, ಕ್ಯಾಂಪಿಗೆ ಮುಟ್ಟಿಸಬೇಕು. ಮೂವರು ಮಕ್ಕಳು ಹುಟ್ಟಿದಾಗಲೂ ಅವರು ಇಲ್ಲೇ ಇದ್ದರು.

2012ರ ಆಗಸ್ಟ್ ತಿಂಗಳ ಒಂದು ಸಂಜೆಯ ವಿಷಯ ಕೇಳಿದಾಗ ಅವರು ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನೊಮ್ಮೆ ನೋಡಿ ಹೇಳತೊಡಗುತ್ತಾರೆ.

ಅಂದು ಒಂದು ಸೀಟು ಖಾಲಿಯಿತ್ತು. ಕರೀಂನಗರದಿಂದ ಬಂದು ಎರಡೇ ದಿನವಾಗಿದ್ದ ಲಿಂಗಯ್ಯ ಎಂಬವರದು. "ಬೇರೆ ಬಸ್ಸಲ್ಲಿ ಹೋಗಿರ್ತಾನೆ, ಯಲ್ಲಾ, ಹೊರಡು" ಎಂದರು ಫೋರ್‌ಮನ್. ಹಸನಬ್ಬ ಹೊರಟರು. ಕ್ಯಾಂಪಿಗೆ ಉಳಿದ ಬಸ್ಸುಗಳೂ ಬಂದವು. ಲಿಂಗಯ್ಯ ಯಾವುದರಲ್ಲೂ ಇರಲಿಲ್ಲ. ಆಫೀಸಿಗೆ ಫೋನ್ ಮಾಡಿದರೆ, ನಾಳೆ ನೋಡೋಣ ಎಂದರು. ಹಸನಬ್ಬ ಯಾರ ಅಪ್ಪಣೆಯನ್ನೂ ಕಾಯದೆ ಖಾಲಿ ಬಸ್ಸನ್ನು ಮೂವತ್ತೆಂಟು ಕಿಲೋಮೀಟರ್ ಹಿಂದಕ್ಕೆ ಓಡಿಸಿದರು.

ವಾಚ್‌ಮನ್ ಜೊತೆ ಅರ್ಧ ಗಂಟೆ ಹುಡುಕಿದ ಮೇಲೆ ಸಿಮೆಂಟ್ ಪೈಪುಗಳ ಹಿಂದೆ ಲಿಂಗಯ್ಯ ಸಿಕ್ಕಿದರು. ಪ್ರಜ್ಞೆ ಇರಲಿಲ್ಲ. "ಮೈ ದೋಸೆ ಕಾವಲಿಯ ಹಾಗೆ ಸುಡ್ತಿತ್ತು ಮಾರಾಯ್ರೆ. ಆಂಬುಲೆನ್ಸ್ ಬರುವಷ್ಟು ಹೊತ್ತು ಕಾಯ್ಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ. ಬಸ್ಸಲ್ಲೇ ಮಲಗಿಸಿದೆ. ವಾಚ್‌ಮನ್ ನೀರು ಹಾಕ್ತಾ ಇದ್ದ, ನಾನು ಓಡಿಸ್ತಾ ಇದ್ದೆ."

ಇದು ಬಿಸಿಲಿನ ಹೊಡೆತ, ಇನ್ನೊಂದು ಗಂಟೆ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದರಂತೆ ಆಸ್ಪತ್ರೆಯ ವೈದ್ಯರು. ಕಂಪನಿಯಿಂದ ಹಸನಬ್ಬರಿಗೆ ಬಂದದ್ದು, ಕೇಳದೆ ಬಸ್ಸು ಒಯ್ದದ್ದಕ್ಕೆ ಎಚ್ಚರಿಕೆಯ ಪತ್ರ. ಮೂರು ವಾರ ಕಳೆದು ಲಿಂಗಯ್ಯ ಊರಿಗೆ ಹೊರಟಾಗ ಏರ್‌ಪೋರ್ಟಿಗೆ ಬಿಟ್ಟದ್ದೂ ಇವರೇ. "ಅವನಿಗೆ ಹಿಂದಿ ಬರುವುದಿಲ್ಲ, ನನಗೆ ತೆಲುಗು ಬರುವುದಿಲ್ಲ. ಕೈ ಹಿಡ್ಕೊಂಡು ನಿಂತ, ಅಷ್ಟೇ."

ನೀವು ಒಂದು ಜೀವ ಉಳಿಸಿದಿರಿ ಎನ್ನುತ್ತೇನೆ. ಹಸನಬ್ಬ ಅಲ್ಲವೆಂದು ತಲೆಯಾಡಿಸುತ್ತಾರೆ. "ಮೊದಲು ಬಿಟ್ಟು ಬಂದವನೂ ನಾನೇ ಅಲ್ವಾ? ಅದನ್ನೂ ಬರೀರಿ."

ಸೈಟು ಬಂದಿದೆ. ಅರ್ಧ ಎದ್ದ ಗೋಪುರದ ಬುಡದಲ್ಲಿ ಜನ ಇಳಿದು ನಡೆಯುತ್ತಾರೆ. ಸೂರ್ಯ ಈಗಷ್ಟೇ ಮೂಡಿದ್ದಾನೆ, ಆಗಲೇ ಸೆಕೆ.

ಮುಂದಿನ ವರ್ಷ ಖಲಾಸ್, ಊರಿಗೆ ಎನ್ನುತ್ತಾರೆ ಹಸನಬ್ಬ. ಅದಕ್ಕೆ ಮೊದಲು ಹೆಂಡತಿ ನಫೀಸರನ್ನು ವಿಸಿಟ್ ವೀಸಾದಲ್ಲಿ ಹದಿನೈದು ದಿನವಾದರೂ ಕರೆಸಬೇಕಂತೆ.

"ಅವಳು ಇದನ್ನೆಲ್ಲ ಟೀವಿಯಲ್ಲಿ ನೋಡಿದ್ದಾಳೆ. ಇಷ್ಟು ವರ್ಷ ನೀವು ಅಲ್ಲಿ ಎಂತ ಮಾಡಿದ್ದು ಅಂತ ಕೇಳ್ತಾಳೆ. ಇದನ್ನು ಕಟ್ಟಿದವರನ್ನು ದಿನಾ ಮನೆಗೆ ಮುಟ್ಟಿಸಿದ್ದು ನಾನು ಅಂತ ಇಲ್ಲೇ ನಿಲ್ಲಿಸಿ ಹೇಳ್ಬೇಕು."