ಐ ವಿಲ್ ಫಾಲ್

ಯಲ್ಲದಕೆರೆಯಲ್ಲಿ ಕುರಿ ಕಾಯುವ ಕಾಟಲಿಂಗಪ್ಪನ ಮಗಳು ಮೀನಾಕ್ಷಿಗೆ ಇಂಗ್ಲಿಷ್ ಎಂದರೆ ಜೀವ. ಹತ್ತನೇ ಕ್ಲಾಸಿನ ಉಳಿದವರಿಗೆ ಅದೊಂದು ಪೀಡೆ. ಗೈಡು ಬಾಯಿಪಾಠ ಮಾಡು, ಪರೀಕ್ಷೆಯಲ್ಲಿ ಕಕ್ಕು, ಮರೆತುಬಿಡು. ಹೋಗಲಿ, ಬಾಯಿಬಿಟ್ಟು ಇಂಗ್ಲಿಷ್ ಆಡುವವರನ್ನಾದರೂ ಸುಮ್ಮನೆ ಬಿಡುತ್ತಿದ್ದರೇ? "ಬಂದ್ಲು ನೋಡ್ರಲೇ ದೊರೆಸಾನಿ!" ಎಂದು ಹಿಂದಿನ ಬೆಂಚಿನಿಂದ ಗೋವರ್ಧನ ಕೂಗಿದರೆ ಇಡೀ ಕ್ಲಾಸು ಕಿಸಕ್ಕೆನ್ನುತ್ತಿತ್ತು. ಅವನಿಗೆ ತಾನೇ ಏನು ಬರುತ್ತಿತ್ತು, ಮಣ್ಣು! ತನಗೆ ಬಾರದ್ದು ಇನ್ನೊಬ್ಬರಿಗೆ ಬಂದರೆ ಹೊಟ್ಟೆಯುರಿ.

ಮೀನಾಕ್ಷಿ ಕ್ಲಾಸಿನಲ್ಲಿ ತುಟಿ ಪಿಟಕ್ಕೆನ್ನುವುದನ್ನೇ ಬಿಟ್ಟಳು. ಭಾನುವಾರ ಕುರಿ ಹೊಡೆದುಕೊಂಡು ಹೋದಾಗ ಅವುಗಳ ಜೊತೆಗೇ ಇಂಗ್ಲಿಷ್ ಮಾತಾಡುತ್ತಿದ್ದಳು. ಪುಣ್ಯಕ್ಕೆ ಅವು ನಗುತ್ತಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಚಿತ್ರದುರ್ಗದ ಕಾಲೇಜೊಂದು ಹಳ್ಳಿಯ ಐದು ಮಕ್ಕಳಿಗೆ ಪುಕ್ಕಟೆ ಸೀಟು, ಹಾಸ್ಟೆಲ್ಲು ಕೊಡುತ್ತೇವೆಂದಿತು. ಇಂಗ್ಲಿಷಿನಲ್ಲೇ ಸಂದರ್ಶನ. ಗೆದ್ದರೆ ಸೈನ್ಸ್ ಓದು. ಇಲ್ಲದಿದ್ದರೆ ಓದು ಅಲ್ಲಿಗೇ ಮುಗಿಯಿತು, ಕುರಿ ಹಿಂದೆ ನಡಿ ಎಂದು ಅವ್ವ ಹುಚ್ಚಕ್ಕ ಮೊದಲೇ ಹೇಳಿಬಿಟ್ಟಿದ್ದಳು.

ಸಂದರ್ಶನದ ದಿನ ಮೇಜಿನಾಚೆ ಕುಳಿತ ಮೂವರಿಗೆ ಹೆಸರು, ಊರು, ಅಪ್ಪನ ಕೆಲಸ ಎಲ್ಲವನ್ನೂ ಮೀನಾಕ್ಷಿ ಇಂಗ್ಲಿಷಿನಲ್ಲೇ ಅಳುಕದೆ ಹೇಳಿದಳು. ಆಮೇಲೆ ನಡುವೆ ಕುಳಿತವನು ಕೇಳಿದ: "ಹೌ ಮೆನಿ ಶೀಪ್ ಡು ಯು ಹ್ಯಾವ್?"

ಎಷ್ಟು ಕುರಿ ಅವೆ ಅಂತ. ಅರ್ಥವಾಗದೆ ಏನು! ಆದರೆ ಹಿಂಡಿನ ಲೆಕ್ಕವನ್ನು ಪರರ ಮುಂದೆ ಹೇಳುವುದು ಅವರ ಮನೆಯಲ್ಲಿಲ್ಲ. ಹೇಳಿದರೆ ಕಣ್ಣು ಬೀಳುತ್ತದೆ, ಮರಿ ಉಳಿಯುವುದಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು ನಾಲಿಗೆ ಹಿಡಿಯಿತು. ಕಣ್ಣಿಗೆ ಇಂಗ್ಲಿಷಿನಲ್ಲಿ ಐ, ಬೀಳುವುದಕ್ಕೆ ಫಾಲ್. ಜೋಡಿಸಿ ಹೇಳಿಯೇಬಿಟ್ಟಳು: "ಐ ವಿಲ್ ಫಾಲ್, ಸರ್."

ನಾನು ಬೀಳುತ್ತೇನೆ! ಕುಳಿತಿದ್ದ ಮೂವರಿಗೂ ಕೇಳಿಸಿದ್ದು ಅದೇ. "ಬೀಳ್ತೀಯಾ? ಕುಂತ್ಕಳಮ್ಮ ಹಂಗಾದ್ರೆ" ಎಂದ ನಡುವಿನವನು. ಉಳಿದಿಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಾಪ, ಕುರಿ ಎಣಿಸೋಕೂ ಇಂಗ್ಲಿಷ್ ಬರಲ್ಲ" ಎಂದು ಹೆಸರಿನ ಮೇಲೆ ಗೀಟೆಳೆದರು. ಎಂಥ ದೊಡ್ಡ ಮನುಷ್ಯರಪ್ಪ! ಹಾಗಂದರೇನಮ್ಮ ಎಂದು ಕನ್ನಡದಲ್ಲಿ ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಸೀಟಿನ ಪಟ್ಟಿಯಲ್ಲಿ ಮೀನಾಕ್ಷಿಯ ಹೆಸರಿರಲಿಲ್ಲ. ಅವತ್ತು ಸಂಜೆ ಕುರಿ ಕೂಡುವ ರೊಪ್ಪದ ಹತ್ತಿರ ನಿಂತು ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದಳು. ಕಾಟಲಿಂಗಪ್ಪ ಗಾಬರಿಯಿಂದ ಕೇಳಿದ್ದು ಒಂದೇ.

"ಎಷ್ಟವೆ ಅಂತ ಹೇಳ್ಲಿಲ್ಲ ತಾನೆ?"

"ಇಲ್ಲ."

"ಒಳ್ಳೇದು ಮಾಡ್ದೆ ಬಿಡವ್ವ. ಸೀಟು ಹೋದ್ರೆ ಹೋಗ್ಲಿ."

ಮೀನಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಹಾದಿಯಲ್ಲಿ ಹೋಗುವವರಿಗೂ ಕೇಳಲಿ ಎಂದು ಗಂಟಲು ಹರಿಯುವ ಹಾಗೆ ಕಿರುಚಿದಳು: "ಏಯ್ಟಿ ತ್ರೀ! ವಿ ಹ್ಯಾವ್ ಏಯ್ಟಿ ತ್ರೀ ಶೀಪ್!"

"ಹಂಗಂದ್ರೇನವ್ವ?"

"ಏನಿಲ್ಲಪ್ಪ. ಇಂಗ್ಲಿಷು."

ಕಾಟಲಿಂಗಪ್ಪನ ಮುಖ ಅರಳಿತು. "ಎಷ್ಟು ಚೆಂದ ಮಾತಾಡ್ತೀಯಲ್ಲೇ!" ಎಂದ. "ಇನ್ನೊಂದ್ಸಲ ಅನ್ನು."