ಎತ್ತಲು ಬಟನ್ ಇಲ್ಲದ ಆಟ

ದುರ್ಗಿಗುಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸುವ ಫರ್ನೇಸ್ ಮುಂದೆ ದುಡಿದು ನಿವೃತ್ತರಾದವರು. ಭಾನುವಾರ ಊಟ ಮುಗಿಸಿ ನಮ್ಮ ಮನೆಗೆ ಬಂದು, ಪಂಚೆ ಎತ್ತಿ ಕಟ್ಟಿ, ಟಿವಿ ಮುಂದೆ ಕೂತು ನನ್ನ ವಿಡಿಯೋ ಗೇಮ್ ಆಡುತ್ತಿದ್ದರು. ರಾಕ್ಷಸರು, ಮಂತ್ರವಾದಿಗಳು ತುಂಬಿದ ದೊಡ್ಡ ಸಾಹಸದ ಆಟ ಅದು. ಬೆಂಕಿ ಕಂಡರೆ ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿಯುವ ಅಭ್ಯಾಸ ಟಿವಿ ಮುಂದೆಯೂ ಅವರನ್ನು ಬಿಟ್ಟಿರಲಿಲ್ಲ.

"ಕೆಲಸ ಗೊತ್ತಿರೋರು ಮಾಡಿದ್ದಾರೆ ಮಾರಾಯ," ಎಂದು ಆಟದ ಪ್ರತಿ ಬೆಟ್ಟವನ್ನೂ ಪ್ರತಿ ಹೊಳೆಯನ್ನೂ ಹೊಗಳುತ್ತಿದ್ದರು. ಆಟದೊಳಗಿನ ಕಮ್ಮಾರ ಕಬ್ಬಿಣ ಕೆಂಪಗಾಗುವ ಮೊದಲೇ ಬಡಿದಾಗ ಮಾತ್ರ ಮುಖ ತಿರುಗಿಸುತ್ತಿದ್ದರು.

ಒಂದು ಭಾನುವಾರ, ಉರಿಯುವ ಗುಹೆಯಲ್ಲಿ ಅವರ ಜೊತೆಗಾರ ಬಿಲ್ಲುಗಾರ ಪೆಟ್ಟು ತಿಂದು ಬಿದ್ದ. ಎದುರಿನ ಬಾಗಿಲು ತೆರೆಯಿತು. ಅದರಾಚೆ ಕೊನೆಯ ಯುದ್ಧ. ಅವರು ಹೋಗಲಿಲ್ಲ. ಒಂದೊಂದೇ ಬಟನ್ ಒತ್ತಿ ಅವನನ್ನು ಎತ್ತಲು ನೋಡಿದರು.

"ಅವನನ್ನ ಅಲ್ಲೇ ಬಿಡ್ಬೇಕು ಅಂಕಲ್, ಕಥೇನೇ ಹಂಗಿದೆ," ಎಂದೆ.

"ಕಾರ್ಖಾನೇಲಿ ಜೊತೆಗೆ ಒಳಗೆ ಹೋದೋನನ್ನ ಬಿಟ್ಟು ನಾವ್ಯಾರೂ ಹೊರಗೆ ಬಂದಿಲ್ಲ. ಹೊಡೆಯೋಕೆ ನೂರು ಕತ್ತಿ ಇಟ್ಟಿದ್ದಾರೆ, ಎತ್ತೋಕೆ ಒಂದು ಬಟನ್ ಇಟ್ಟಿಲ್ಲ ನೋಡು. ಇಷ್ಟು ಒಳ್ಳೇ ಆಟಕ್ಕೆ ಇದೊಂದು ಐಬು," ಎಂದು ಕಂಟ್ರೋಲರ್ ನನ್ನ ಕೈಗಿಟ್ಟು ಎದ್ದರು.

ಈಗ ಅವರು ಭದ್ರಾವತಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಾನು ಆ ಆಟವನ್ನು ಎರಡು ಸಲ ಗೆದ್ದಿದ್ದೇನೆ. ಅವರು ಆಡಿ ನಿಲ್ಲಿಸಿದಲ್ಲಿಗೆ ಸೇವ್ ಆಗಿರುವ ಆಟವನ್ನು ಮಾತ್ರ ಅಳಿಸಿಲ್ಲ. ತೆರೆದು ನೋಡಿದರೆ ಬಾಗಿಲು ಹಾಗೇ ತೆರೆದಿರುತ್ತದೆ, ಅವರು ಬಿಲ್ಲುಗಾರನ ಪಕ್ಕದಲ್ಲೇ ನಿಂತಿರುತ್ತಾರೆ.